ಬೂದು ತಂತಿಯ ಬೆನ್ನು ಹತ್ತಿದ ಮಿಣುಕಣ್ಣ

ಮಹಾರಾಜರು ಯುದ್ಧಕ್ಕೆ ಹೊರಡುವಾಗ ಒರೆಯಿಂದ ಕತ್ತಿ ಹಿರಿಯುತ್ತಿದ್ದರಂತೆ. ನಮ್ಮ ಮಿಣುಕಣ್ಣ ಹಳೆಯ ಕಾರಿನ ಬಾನೆಟ್ಟು ಎತ್ತುವ ಮುನ್ನ ಕೊರಳಿಂದ ಒಂದು ಪುಟ್ಟ ಬಲ್ಬನ್ನು ಹಿರಿಯುತ್ತಾನೆ. ಅದಕ್ಕೆ ಎರಡು ತಂತಿ. ಒಂದರ ತುದಿಗೆ ಸೂಜಿ, ಇನ್ನೊಂದರ ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪು. ಡಾಕ್ಟರರ ಕೊರಳಲ್ಲಿ ಸ್ಟೆತಸ್ಕೋಪು ನೇತಾಡುವ ಹಾಗೆ ಸದಾ ಅವನ ಕೊರಳಲ್ಲಿ ನೇತಾಡುವ ಈ ದೀಪ, ಕರೆಂಟು ಇದ್ದಲ್ಲಿ ಮಿಣುಕುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಅದರ ವಿದ್ಯೆ ಇಷ್ಟೇ. ಉಳಿದ ವಿದ್ಯೆಯೆಲ್ಲ ತನ್ನದು ಎಂದು ಮಿಣುಕಣ್ಣ ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳುವುದರಲ್ಲಿ ಅವನು ಎಂದೂ ಜಿಪುಣತನ ಮಾಡಿದವನಲ್ಲ.

ಹರೆಯದಲ್ಲಿ ಅವನು ಊರೂರು ಅಲೆಯುವ ನಾಟಕ ಕಂಪನಿಯೊಂದರಲ್ಲಿ ದೀಪದವನಾಗಿದ್ದ. ರಾಜ ಬಂದರೆ ಕೆಂಪು, ರಾಣಿ ಬಂದರೆ ನೀಲಿ, ಯಾರಾದರೂ ಸಾಯುವ ಹಾಗಿದ್ದರೆ ಹಸಿರು. ಕಂಪನಿ ಮುಳುಗಿದಾಗ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ನಡೆದರು: ಒಬ್ಬ ಪರದೆ, ಒಬ್ಬ ಹಾರ್ಮೋನಿಯಂ, ಒಬ್ಬ ನಾಯಕಿಯನ್ನು. ಮಿಣುಕಣ್ಣನ ಪಾಲಿಗೆ ಬಂದದ್ದು ಒಂದು ಸಿಂಬೆ ತಂತಿ ಮತ್ತು ಎಲ್ಲರ ಸಂಭಾಷಣೆ. ತಂತಿಯಿಂದ ಅಂಗಡಿ ತೆರೆದ. ಸಂಭಾಷಣೆಯನ್ನು ಇಂದಿಗೂ ಖರ್ಚು ಮಾಡುತ್ತಿದ್ದಾನೆ. ಸ್ಕ್ರೂಡ್ರೈವರ್ ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳುವಾಗಲೂ ಅವನ ಒಂದು ಕಾಲು ಮುಂದಿರುತ್ತದೆ, ಒಂದು ಕೈ ಮೇಲಿರುತ್ತದೆ.

ಅಂಗಡಿ ಎಂದರೆ ಟೈರಿನವನಿಗೂ ಬೀಗದವನಿಗೂ ನಡುವೆ ಸಿಕ್ಕಿಕೊಂಡ ತಗಡಿನ ಸೂರು. ಗೋಡೆಯ ಮೊಳೆಗಳಲ್ಲಿ ಬಣ್ಣಬಣ್ಣದ ತಂತಿಯ ಸುರುಳಿಗಳು, ಕೆಟ್ಟ ಹಾರ್ನುಗಳು, ಒಂಟಿ ಕಣ್ಣಿನ ಹೆಡ್‌ಲೈಟುಗಳು. ಬಂದವರು ಕೂರಲು ಯಾವುದೋ ಕಾರಿನಿಂದ ಕಿತ್ತ ಹಿಂದಿನ ಸೀಟು. ಅದರಲ್ಲಿ ಕೂತರೆ ಸ್ಪ್ರಿಂಗು ಒಂದು ಕಡೆ ಮಾತ್ರ ಮೇಲಕ್ಕೆತ್ತುತ್ತದೆ, ಹಾಗಾಗಿ ಅಲ್ಲಿಯ ಗಿರಾಕಿಗಳೆಲ್ಲ ಒಂದೇ ದಿಕ್ಕಿಗೆ ವಾಲಿಕೊಂಡು ಮಾತಾಡುತ್ತಾರೆ. ಮೂಲೆಯಲ್ಲಿ ಹೊಲಿಗೆ ಮೆಷಿನ್ನು. ಅದರ ಹಿಂದೆ ಅವನ ಹೆಂಡತಿ, ಹೊಲಿಗೆಯಕ್ಕ. ಸೀಟಿನ ಕವರು, ನೆಲದ ಮ್ಯಾಟು, ಛಾವಣಿಯ ಬಟ್ಟೆ ಎಲ್ಲ ಅವಳ ಇಲಾಖೆ. ಗಂಡ ಇಡೀ ದಿನ ಆಡುವ ಮಾತಿಗೆ ಅವಳ ಮೆಷಿನ್ನು ನಡುನಡುವೆ ಟರ್ರೆಂದು ಪೂರ್ಣವಿರಾಮ ಹಾಕುತ್ತಿರುತ್ತದೆ.

ಮಿಣುಕಣ್ಣನದು ಒಂದೇ ಕಟ್ಟಳೆ. "ಎಲ್ಲಿಗ್ ಹೋಗುತ್ತೆ ಅಂತ ಗೊತ್ತಿಲ್ಲದ ತಂತೀನ ಕತ್ತರಿಸೋನು ಎಲೆಕ್ಟ್ರೀಶಿಯನ್ ಅಲ್ಲ ಸ್ವಾಮೀ, ಕಟುಕ!" ಹಳೆಯ ಕಾರು ಬಂದರೆ ಅವನು ಮೊದಲು ಹೆಂಡತಿಯ ಹತ್ತಿರ ದಾರ ಕೇಳುತ್ತಾನೆ. ಎಲ್ಲಿಂದ ಎಲ್ಲಿಗೆ ಎಂದು ತಿಳಿದ ತಂತಿಗೆ ಬಣ್ಣದ ದಾರ ಕಟ್ಟುತ್ತಾನೆ, ತಿಳಿಯದ್ದಕ್ಕೆ ಬಿಳಿ. ಬಿಳಿ ದಾರ ಒಂದಾದರೂ ಉಳಿದಿದ್ದರೆ ಕಾರು ಅಂಗಡಿ ಬಿಟ್ಟು ಹೋಗಕೂಡದು. ಈ ಹಟದಿಂದ ಎಷ್ಟೋ ಗಿರಾಕಿಗಳು ಕಾರಿಗಿಂತ ಮೊದಲು ತಾವೇ ಬಿಟ್ಟು ಹೋದದ್ದುಂಟು.

ಇಂಥವನ ಸೂರಿನೊಳಗೆ ನನ್ನ ದೊಡ್ಡಮ್ಮನ ಕಾರು ಬಂದು ನಿಂತಿತು.

ಬೆಣ್ಣೆ ಬಣ್ಣದ, ದುಂಡು ಬೆನ್ನಿನ, ಮುಂದೆ ಹಲ್ಲು ಕಿರಿದಂಥ ಗ್ರಿಲ್ಲಿನ ಹಳೇ ಕಾರು. ದೊಡ್ಡಪ್ಪನದು. ದೊಡ್ಡಪ್ಪ ಪುಸ್ತಕ ಕಟ್ಟುವ ಬೈಂಡರು. ಬಾಯಿಗೆ ಮಾತು ಬರಬೇಕಾದರೆ ಅರ್ಜಿ ಹಾಕಬೇಕು ಎನ್ನುವಂಥ ಮನುಷ್ಯ. ಸ್ಟೀರಿಂಗ್ ಹಿಡಿದರೆ ಮಾತ್ರ ಮೈಮೇಲೆ ಬಂದವರ ಹಾಗೆ ಓಡಿಸುತ್ತಿದ್ದ. ಎಡಗಡೆ ಕೂತ ದೊಡ್ಡಮ್ಮ ಮೊದಮೊದಲು ಕಿರುಚಿದಳು, ಆಮೇಲೆ ಅತ್ತಳು, ಕೊನೆಗೊಂದು ದಿನ ನಡುರಸ್ತೆಯಲ್ಲಿ ಜಗಳವಾಗಿ, "ಇನ್ನು ಈ ಕಾರಲ್ಲಿ ನಾನು ತುಟಿ ಬಿಚ್ಚಿದ್ರೆ ಕೇಳಿ" ಎಂದು ಶಪಥ ಮಾಡಿದಳು. ಮಾಡಿದವಳು ಪಾಲಿಸಿದಳು. ದೊಡ್ಡಪ್ಪ ಹೋದ ವರ್ಷ ತೀರಿಕೊಳ್ಳುವ ತನಕ ಆ ಕಾರಿನಲ್ಲಿ ಅವಳ ಬಾಯಿಂದ ಒಂದು ಅಕ್ಷರ ಹೊರಬಿದ್ದಿರಲಿಲ್ಲ.

ಈಗ ಕಾರನ್ನು ಓಡಿಸುವವರು ಅವಳ ಅಳಿಯ. ಔಷಧಿ ಅಂಗಡಿ ಇಟ್ಟಿದ್ದಾರೆ. ಒಳ್ಳೆಯವರು, ಅವಸರದವರು. ಅವರು ಓಡಿಸತೊಡಗಿದ ಮೇಲೆ ಕಾರಿಗೆ ವಿಚಿತ್ರ ಕಾಯಿಲೆ ಹತ್ತಿತು. ಅವರೊಬ್ಬರೇ ಹೋದರೆ ಕಾರು ಗಾಳಿಯ ಹಾಗೆ ಹೋಗುತ್ತದೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಎಲ್ಲಾದರೂ ತಿರುವಿನಲ್ಲಿ, ಇಳಿಜಾರಿನಲ್ಲಿ, ಲಾರಿಯ ಮೂಗಿನ ಎದುರಿಗೇ ಫ್ಯೂಸು ಸುಟ್ಟು ಎಂಜಿನ್ ಸತ್ತುಹೋಗುತ್ತದೆ. ಮೆಕ್ಯಾನಿಕ್ಕುಗಳು ಬಂದರು, ತಲೆ ಕೆರೆದರು, ಓಡಿಸಿ ನೋಡಿದರು. ಕಾರು ಅವರ ಮುಂದೆ ಶಾಲಾ ತನಿಖೆಯ ದಿನದ ಮಗುವಿನಂತೆ ಶಿಸ್ತಾಗಿ ಓಡಿತು.

ದೊಡ್ಡಮ್ಮನಿಗೆ ಮಾತ್ರ ಕಾರಣ ಗೊತ್ತಿತ್ತು. "ಕಾರಿಗೆ ಎಲ್ಲಾ ಅರ್ಥ ಆಗುತ್ತೆ ಕಣೋ" ಎಂದು ನನಗೆ ಹೇಳಿದಳು. "ನನ್ನ ಎದೆ ಝಲ್ ಅಂದ್ರೆ ಅದಕ್ಕೆ ತಿಳಿಯುತ್ತೆ. ನಿಮ್ಮ ದೊಡ್ಡಪ್ಪ ಇದ್ದಾಗ ತಾನಾಗೇ ನಿಧಾನ ಆಗೋದು. ಅವರಲ್ಲಪ್ಪ, ಅವರು ಯಾವತ್ತು ನನ್ನ ಮಾತು ಕೇಳಿದ್ರು? ಕಾರು! ಅಳಿಯಂದ್ರ ಕೈಲಿ ಅದಕ್ಕೆ ಸಿಟ್ಟು ಬರುತ್ತೆ. ನಿಂತೇಬಿಡುತ್ತೆ."

ಇದನ್ನು ಮಗಳು ಕೇಳಿದಳು, ಅಳಿಯ ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮ್ಮನ ತಲೆಯನ್ನು ಒಮ್ಮೆ ತೋರಿಸುವುದು ಒಳ್ಳೆಯದೇನೋ ಎಂಬ ಪಿಸುಮಾತು ಅಡುಗೆಮನೆಯಲ್ಲಿ ಶುರುವಾಯಿತು. ಜೊತೆಗೆ ಹೋಟೆಲಿನ ಯಜಮಾನನೊಬ್ಬ ಕಾರಿನ ಮೇಲೆ ಕಣ್ಣಿಟ್ಟಿದ್ದ. ಎಂಜಿನ್ ತೆಗೆಸಿ, ಬಾನೆಟ್ಟಿನೊಳಗೆ ಹೂವಿನ ಕುಂಡ ಇಟ್ಟು, ಬಾಗಿಲಲ್ಲಿ ನಿಲ್ಲಿಸುತ್ತಾನಂತೆ. ಜನ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅವನು ಶನಿವಾರ ಬರುವುದಿತ್ತು.

"ಶನಿವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಕೊಟ್ಬಿಡ್ತೀನಿ" ಎಂದಳು ದೊಡ್ಡಮ್ಮ. "ಕಾರನ್ನೂ ಕೊಡ್ತೀನಿ, ನನಗೆ ಬುದ್ಧಿ ಕೆಟ್ಟಿದೆ ಅಂತ ಬರೆದೂ ಕೊಡ್ತೀನಿ. ಎರಡೂ ಒಟ್ಟಿಗೇ ತಗೊಂಡು ಹೋಗ್ಲಿ."

ಹೀಗೆ ಒಂದು ಕಾರು ಮತ್ತು ಒಬ್ಬ ಹೆಂಗಸಿನ ಮಾತು, ಎರಡೂ ಮಿಣುಕಣ್ಣನ ಸೂರಿನ ಕೆಳಗೆ ಬಂದು ಬಿದ್ದವು.

ಅವನು ಮೊದಲು ಬಾನೆಟ್ಟು ಎತ್ತಲಿಲ್ಲ. ದೊಡ್ಡಮ್ಮನನ್ನು ವಾಲುವ ಸೀಟಿನಲ್ಲಿ ಕೂರಿಸಿ, ಎದುರಿಗೆ ಟೈರಿನ ಮೇಲೆ ತಾನು ಕೂತ. "ಅಮ್ಮಾ, ಕಾಯಿಲೆ ಮೊದಲು ರೋಗಿ ಬಾಯಲ್ಲಿ ಕೇಳ್ಬೇಕು. ರೋಗಿಗೆ ಬಾಯಿಲ್ಲ, ನೀವಿದ್ದೀರಿ. ಹೇಳಿ."

ದೊಡ್ಡಮ್ಮ ಎಲ್ಲವನ್ನೂ ಹೇಳಿದಳು. ಕಾರಿಗೆ ಅರ್ಥವಾಗುತ್ತದೆ ಎಂಬಲ್ಲಿಗೆ ಬಂದಾಗ ನಾನು ಹಾರ್ನುಗಳ ಕಡೆ ನೋಡತೊಡಗಿದೆ. ಮಿಣುಕಣ್ಣ ನಗಲಿಲ್ಲ. "ಎದೆ ಝಲ್ ಅಂದ ತಕ್ಷಣಾನಾ, ಇಲ್ಲ ಸ್ವಲ್ಪ ತಡೆದಾ?" ಎಂದು ಕೇಳಿದ. ಇಂಥ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ನೆಟ್ಟಗೆ ಕೂತಳು, ಆ ಸೀಟಿನಲ್ಲಿ ಎಷ್ಟು ನೆಟ್ಟಗೆ ಕೂರಲು ಸಾಧ್ಯವೋ ಅಷ್ಟು.

"ತಕ್ಷಣ."

"ಸರಿ ಹಾಗಾದ್ರೆ" ಎಂದು ಮಿಣುಕಣ್ಣ ಎದ್ದು ನಿಂತು ಕೊರಳಿನ ದೀಪ ಹಿರಿದ.

ಆಮೇಲೆ ನಡೆದದ್ದು ಕಾಳಗ. ಡ್ಯಾಶ್‌ಬೋರ್ಡಿನ ಹೊಟ್ಟೆ ಬಗೆದಾಗ ಹೊರಬಂದದ್ದು ಕರುಳೇ ಕರುಳು. ಬಟ್ಟೆ ಸುತ್ತಿದ ಹಳೆಯ ತಂತಿಗಳು, ಬಣ್ಣ ಮಾಸಿ ಎಲ್ಲವೂ ಚಹಾದ ಬಣ್ಣಕ್ಕೆ ತಿರುಗಿದವು. ಮಿಣುಕಣ್ಣ ಬೆನ್ನ ಮೇಲೆ ಮಲಗಿ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮತ್ತು ಒಂದು ಧ್ವನಿ. "ಇದು ವೈಪರು. ಕೆಂಪು ದಾರ! ಇದು ಹಾರ್ನು. ಹಸಿರು!" ಹೊಲಿಗೆಯಕ್ಕ ದಾರ ಕತ್ತರಿಸಿ ಕತ್ತರಿಸಿ ಅವನ ಚಾಚಿದ ಅಂಗೈಗೆ ಇಡುತ್ತಿದ್ದಳು. ಸಂಜೆಯ ಹೊತ್ತಿಗೆ ಕಾರಿನ ಒಳಗು ಮದುವಣಗಿತ್ತಿಯ ಹಾಗೆ ಬಣ್ಣಬಣ್ಣವಾಗಿತ್ತು.

ಒಂದೇ ಒಂದು ಬಿಳಿ ದಾರ ಉಳಿಯಿತು.

ಬೂದು ಬಣ್ಣದ ತಂತಿ. ಬಟ್ಟೆಯದಲ್ಲ, ಮನೆಗೆ ಹಾಕುವಂಥದ್ದು. ಫ್ಯೂಸಿನ ಹತ್ತಿರ ಎಂಜಿನ್ನಿನ ಕರೆಂಟಿಗೇ ಸೇರಿಕೊಂಡು, ಅಲ್ಲಿಂದ ಹೊರಟು, ಕಾರ್ಪೆಟ್ಟಿನ ಅಂಚಿನಲ್ಲಿ ನುಸುಳಿ ಮಾಯವಾಗುತ್ತಿತ್ತು. ಅದರದೇ ಮುಂದುವರಿಕೆಯಂಥ ಇನ್ನೊಂದು ಬೂದು ತಂತಿ ಕಾರ್ಪೆಟ್ಟಿನಿಂದ ಮೇಲೆ ಬಂದು ಸ್ಪೀಡೋಮೀಟರಿನ ಹಿಂದಿನ ಕತ್ತಲೆಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಒಂದೇ ಅಂತರದಲ್ಲಿ ಮೇಣದ ದಾರದಿಂದ ಕಟ್ಟು ಹಾಕಿತ್ತು. ಒಂದೊಂದು ಗಂಟೂ ಪುಸ್ತಕದ ಬೆನ್ನಿನ ಹೊಲಿಗೆಯಷ್ಟು ಅಚ್ಚುಕಟ್ಟು.

ಮಿಣುಕಣ್ಣ ಹೊರಬಂದು ಕೂತ. ಮೂಗಿನ ಮೇಲೆ ಗ್ರೀಸು. "ಫ್ಯಾಕ್ಟರಿಯೋರು ಮಾಡಿದ್ದಲ್ಲ ಇದು. ನನ್ನಂಥೋನು ಮಾಡಿದ್ದೂ ಅಲ್ಲ." ಬಗ್ಗಿ ಒಂದು ಗಂಟನ್ನು ಹೆಬ್ಬೆರಳಿನಿಂದ ಸವರಿದ. "ನನಗಿಂತ ಚೆನ್ನಾಗಿ ಮಾಡಿದ್ದಾರೆ" ಎಂದ ಮೆಲ್ಲಗೆ. ಹೊಲಿಗೆ ಮೆಷಿನ್ನು ಟಕ್ಕೆಂದು ನಿಂತಿತು. ಆ ವಾಕ್ಯ ಹೊಲಿಗೆಯಕ್ಕನ ಸಂಸಾರದಲ್ಲಿ ಅದುವರೆಗೆ ಕೇಳಿಬಂದಿರಲಿಲ್ಲ.

ಆದರೆ ಮಿಣುಕಣ್ಣ ಬಹಳ ಹೊತ್ತು ಸಣ್ಣವನಾಗಿ ಇರಬಲ್ಲವನಲ್ಲ. ಎದ್ದು ಟೈರಿನವನಿಗೂ ಬೀಗದವನಿಗೂ ಕೇಳುವ ಹಾಗೆ ಘೋಷಿಸಿದ: "ಗೊತ್ತಾಯ್ತು! ಕಳ್ಳರಿಗೆ ಹಾಕಿದ ಉರುಳು ಇದು! ಎಲ್ಲೋ ಗುಪ್ತ ಸ್ವಿಚ್ ಇಟ್ಟಿದ್ದಾರೆ. ಕಳ್ಳ ಕೂತ್ರೆ ಗಾಡಿ ನಿಲ್ಲಬೇಕು. ಬೈಂಡರು ಮಹಾಶಯರು ಮಹಾ ಚಾಣಾಕ್ಷರು!"

"ಅಂದ್ರೆ ನಾನು ಕಳ್ಳಿ" ಎಂದಳು ದೊಡ್ಡಮ್ಮ.

"ಛೆ ಛೆ, ಹಾಗಲ್ಲಮ್ಮ..."

"ಮತ್ತೆ ನಾನು ಕೂತ್ರೆ ತಾನೆ ನಿಲ್ಲೋದು?"

ಮೆಷಿನ್ನಿನ ಹಿಂದಿನಿಂದ ಎದ್ದು ಬಂದ ಹೊಲಿಗೆಯಕ್ಕ ಕಾರಿನ ಎಡಗಡೆಯ ಮ್ಯಾಟನ್ನು ಎತ್ತಿ ತೋರಿಸಿದಳು. "ರೀ, ಇದನ್ನ ನೋಡಿ ಸ್ವಲ್ಪ. ಕೂತೋರ ಮ್ಯಾಟು ಹಿಮ್ಮಡಿ ಹತ್ರ ಸವೀಬೇಕು. ಇದು ಮುಂದೆ, ಬೆರಳ ಹತ್ರ ಸವೆದಿದೆ. ಅದೂ ಬಲಗಾಲು ಮಾತ್ರ."

"ಇಲ್ಲಿ ಕರೆಂಟಿನ ವಿಚಾರ ನಡೀತಿದೆ, ನಿನ್ನದು ಚಿಂದಿ ವಿಚಾರ. ನಿನ್ನ ಹೊಲಿಗೆ ನೀನು ನೋಡ್ಕೋ."

"ನೋಡ್ಕೊಂಡೆ" ಎಂದು ಅವಳು ಮ್ಯಾಟನ್ನು ಇದ್ದಲ್ಲಿಗೇ ಹಾಕಿದಳು. ಮೆಷಿನ್ನು ಟರ್ರೆಂದಿತು, ಈ ಸಲ ಸ್ವಲ್ಪ ಉದ್ದವಾಗಿ.

ಗುಪ್ತ ಸ್ವಿಚ್ಚಿಗಾಗಿ ಮಿಣುಕಣ್ಣ ಸೀಟಿನ ಅಡಿ, ಬಾಗಿಲಿನ ಒಳಗು, ಛಾವಣಿ ಎಲ್ಲ ಜಾಲಾಡಿದ; ಕಾರ್ಪೆಟ್ಟಿನ ಹೊಲಿಗೆ ಬಿಚ್ಚಲು ಹೆಂಡತಿಯನ್ನು ಕರೆಯಬೇಕಿತ್ತು, ಅದೊಂದನ್ನು ಬಿಟ್ಟ. ಫ್ಯೂಸಿನ ಜಾಗಕ್ಕೆ ತನ್ನ ದೀಪವನ್ನೇ ಸಿಕ್ಕಿಸಿ, ಬೇರೆಲ್ಲ ತಂತಿ ಕಳಚಿ, ಬೂದು ತಂತಿಯೊಂದನ್ನೇ ಉಳಿಸಿ, ಕಾರಿನ ಮೈಯನ್ನು ಅಲ್ಲಲ್ಲಿ ಗುದ್ದಿ ಕಾದ. ದೀಪ ಮಿಣುಕಲಿಲ್ಲ. ಫ್ಯೂಸು, ತಂತಿ ಮತ್ತೆ ಸಿಕ್ಕಿಸಿ, ನನ್ನನ್ನು ಎಡಗಡೆ ಕೂರಿಸಿಕೊಂಡು ಬೀದಿ ಸುತ್ತಿದ. ಮೊಟ್ಟೆಯ ಬುಟ್ಟಿ ಸಾಗಿಸುವವನ ಹಾಗೆ ಓಡಿಸಿದರೆ ಯಾವ ಕಾರು ತಾನೇ ಕೆಡುತ್ತದೆ? ಶುಕ್ರವಾರ ಮಧ್ಯಾಹ್ನ ಅಳಿಯಂದಿರು ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು.

"ಮಿಣುಕಣ್ಣ, ಆ ಬೂದು ತಂತೀನ ಕತ್ತರಿಸಿ ಬಿಸಾಕಿ. ಬೇಕಿದ್ರೆ ಎಲ್ಲಾ ಕಿತ್ತು ಹೊಸಾದು ಹಾಕಿ."

ನ್ಯಾಯವಾದ ಮಾತೇ. ಕತ್ತರಿ ಅಲ್ಲೇ ಇತ್ತು. ಕತ್ತರಿಸಿದ್ದರೆ ಕಾಯಿಲೆಯೂ ವಾಸಿಯಾಗುತ್ತಿತ್ತು. ಮಿಣುಕಣ್ಣ ಕತ್ತರಿಯನ್ನು ನೋಡಿದ, ಬಿಳಿ ದಾರವನ್ನು ನೋಡಿದ, ಆ ಮೇಣದ ಗಂಟುಗಳನ್ನು ನೋಡಿದ. ನಾಟಕದ ಧ್ವನಿ ಬಿಟ್ಟು, ಮನೆಯ ಧ್ವನಿಯಲ್ಲಿ ಹೇಳಿದ: "ಇಷ್ಟು ಚೆಂದಾಗಿ ಕಟ್ಟಿರೋ ಮನುಷ್ಯ ಸುಮ್ನೆ ಕಟ್ಟಿರಲ್ಲ ಸ್ವಾಮೀ. ಏನ್ ಹೇಳ್ತಿದ್ದಾರೆ ಅಂತ ಕೇಳಿಸಿಕೊಳ್ದೆ ಬಾಯಿ ಮುಚ್ಚಿಸೋಕೆ ನನ್ ಕೈಲಾಗಲ್ಲ."

ದೊಡ್ಡಮ್ಮ ಎದ್ದಳು. "ಸಾಕು. ಬಿಚ್ಚಿದ್ದೆಲ್ಲಾ ಮುಚ್ಚಿ ಮನೆಗೆ ಬಿಡಪ್ಪ. ನಾಳೆ ಆ ಕುಂಡದವನು ಬರ್ತಾನೆ. ಇದರಲ್ಲಿ ಕೊನೇದಾಗಿ ಕೂತು ಹೋಗ್ತೀನಿ."

ಹೀಗೆ ಸೋತ ಸೇನಾಪತಿ ಸ್ಟೀರಿಂಗಿನ ಹಿಂದೆ, ದೊಡ್ಡಮ್ಮ ಅವನ ಎಡಕ್ಕೆ, ನಾನೂ ಅಳಿಯಂದಿರೂ ಹಿಂದೆ. ಬೀದಿಯ ಕೊನೆಯ ತನಕವೂ ಹೋಗಿರಲಿಲ್ಲ. ಬೀಗದಂಗಡಿ ದಾಟಿದ ಕೂಡಲೇ ಸಂದಿಯಿಂದ ಒಬ್ಬ ಸೈಕಲ್ಲಿನವನು, ಹ್ಯಾಂಡಲ್ಲಿಗೆ ಅಡ್ಡಲಾಗಿ ಏಣಿ ಕಟ್ಟಿಕೊಂಡು, ಪ್ರಪಂಚ ತನ್ನದೆಂಬಂತೆ ನುಗ್ಗಿದ. ಮಿಣುಕಣ್ಣ ಬ್ರೇಕ್ ಒತ್ತಿದ. ದೊಡ್ಡಮ್ಮ ತುಟಿ ಬಿಚ್ಚಲಿಲ್ಲ. ಕಾರು ನಿಂತಿತು. ಎಂಜಿನ್ನೂ ಸತ್ತಿತು.

ಏಣಿಯವನು ಬೈದುಕೊಂಡು ಹೋದ. "ನೋಡಿದ್ರಾ, ಇದೇ ಕಾಯಿಲೆ!" ಎಂದು ಅಳಿಯಂದಿರು ಕೂಗಿದರು. ಮಿಣುಕಣ್ಣ ಎಂಜಿನ್ನಿನ ಕಡೆ ನೋಡಲೇ ಇಲ್ಲ. ಅವನ ಕಣ್ಣು ದೊಡ್ಡಮ್ಮನ ಕಾಲಿನ ಮೇಲಿತ್ತು. ಸೀರೆಯ ಅಂಚಿನ ಕೆಳಗೆ ಅವಳ ಬಲಗಾಲು, ಅಲ್ಲಿ ಇಲ್ಲದ ಬ್ರೇಕನ್ನು ಶಕ್ತಿಮೀರಿ ಒತ್ತಿ ಹಿಡಿದಿತ್ತು.

"ಅಮ್ಮಾ" ಎಂದ, ಹಕ್ಕಿ ಹಾರಿಹೋದೀತು ಎಂಬ ಭಯದಲ್ಲಿ ಮಾತಾಡುವವನ ಹಾಗೆ. "ಕಾಲು ಎತ್ತಬೇಡಿ."

ಅವನು ಇಳಿದು, ಫ್ಯೂಸಿನ ಜಾಗಕ್ಕೆ ಮತ್ತೆ ಕೊರಳಿನ ದೀಪ ಸಿಕ್ಕಿಸಿದ. ಅದು ಹಗಲಿನಲ್ಲೂ ಕಣ್ಣು ಕುಕ್ಕುವಂತೆ ಉರಿಯಿತು. "ಈಗ ಎತ್ತಿ." ದೀಪ ಮಂಕಾಯಿತು. "ಒತ್ತಿ." ಉರಿಯಿತು. "ಎತ್ತಿ." ಮಂಕು. ಬೀಗದವನು ಬಂದ, ಟೈರಿನವನು ಬಂದ. ಹೊಲಿಗೆಯಕ್ಕ ಕೈಯಲ್ಲಿ ಕತ್ತರಿಯನ್ನೇ ಹಿಡಿದು ಬಂದಳು, ಬಂದವಳು ಗಂಡನನ್ನು ಒಮ್ಮೆ ನೋಡಿದಳು.

"ಚಿಂದಿ ವಿಚಾರ" ಎಂದಳು.

"ತಾಯೀ, ತಪ್ಪಾಯ್ತು" ಎಂದು ಮಿಣುಕಣ್ಣ ನಡುಬೀದಿಯಲ್ಲಿ, ಕೈಮುಗಿದು, ಪೂರ್ಣ ನಾಟಕದ ಧ್ವನಿಯಲ್ಲಿ ಒಪ್ಪಿಕೊಂಡ. "ಕಾರ್ಪೆಟ್ಟಿನ ಹೊಲಿಗೆ ಬಿಚ್ಚು."

ಅವಳು ಮ್ಯಾಟು ಸರಿಸಿ, ಕಾರ್ಪೆಟ್ಟಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಅದೂ ಮೇಣದ ದಾರವೇ. ಕಾರ್ಪೆಟ್ಟು ಮೇಲೆದ್ದಿತು. ಅದರ ಕೆಳಗೆ, ಪುಸ್ತಕದ ರಟ್ಟನ್ನು ಪದರ ಪದರವಾಗಿ ಅಂಟಿಸಿ ಕೊರೆದ ಗೂಡಿನಲ್ಲಿ, ಬೆಚ್ಚಗೆ ಕೂತಿತ್ತು ಒಂದು ದುಂಡು ಬಿಳಿ ಗುಂಡಿ. ಗುಂಡಿಯ ಮೇಲೆ ಪುಟ್ಟ ಗಂಟೆಯ ಚಿತ್ರ.

ದೊಡ್ಡಮ್ಮ ಬಗ್ಗಿ ನೋಡಿದಳು. "ಅಯ್ಯಯ್ಯೋ! ನಮ್ಮನೆ ಕಾಲಿಂಗ್ ಬೆಲ್ಲು!"

ಬಾಗಿಲ ಪಕ್ಕದ ಆ ಗುಂಡಿ ಒಂದು ದಿನ ಮಾಯವಾಗಿದ್ದು ನನಗೂ ನೆನಪಿತ್ತು. ಯಾರೋ ಕದ್ದಿರಬೇಕು ಎಂದಿದ್ದ ದೊಡ್ಡಪ್ಪ. ದೊಡ್ಡಮ್ಮ ಎದುರುಮನೆಯವರ ಮೇಲೆ ಅನುಮಾನಪಟ್ಟು ಬಹಳ ಕಾಲ ಮಾತು ಬಿಟ್ಟಿದ್ದಳು. ಹೊಸದು ತನ್ನಿ ಎಂದರೆ ಅವನಿಗೆ ಸದಾ ನಾಳೆ. ನಾವೆಲ್ಲ ಆ ಬಾಗಿಲನ್ನು ಬಡಿದೂ ಬಡಿದೂ ಬೆಳೆದವರು.

ಮಿಣುಕಣ್ಣ ಎರಡನೆಯ ಬೂದು ತಂತಿಯ ಹಿಂದೆ ಬೆರಳು ಹರಿಸುತ್ತ ಮೇಲೆ ಹೋದ. ಸ್ಪೀಡೋಮೀಟರಿನ ಪಕ್ಕ, ಸ್ಟೀರಿಂಗಿನ ನೆರಳಿನಲ್ಲಿ, ಓಡಿಸುವವನ ಕಣ್ಣಿಗೆ ಬಿಟ್ಟು ಬೇರಾರಿಗೂ ಕಾಣದಂಥ ಸಣ್ಣ ತೂತು. ಅದರ ಹಿಂದೆ ಇರಬೇಕಾಗಿದ್ದ ಬಲ್ಬಿನ ಹೋಲ್ಡರು ಸೊಟ್ಟಗಾಗಿ ಹಿಂದಕ್ಕೆ ಸರಿದು ತಗಡಿಗೆ ತಾಗಿಕೊಂಡಿತ್ತು; ಗುಂಡಿ ಒತ್ತಿದಾಗಲೆಲ್ಲ ಕರೆಂಟು ಬಲ್ಬಿಗೆ ಹೋಗದೆ ತಗಡಿಗೆ ಹರಿದು ಫ್ಯೂಸು ಸುಡುತ್ತಿತ್ತು. ಹೋಲ್ಡರನ್ನು ಹಿಂದಕ್ಕೆ ತಳ್ಳಿದ್ದು ಪಕ್ಕದಲ್ಲೇ ಕೂರಿಸಿದ್ದ ಹಾಡಿನ ಪೆಟ್ಟಿಗೆ. ಹೊಚ್ಚ ಹೊಸದು.

"ಇದನ್ನ ಕೂರಿಸಿದ್ದು ಯಾರು?"

ಅಳಿಯಂದಿರು ಕೆಮ್ಮಿದರು. "ನಾನೇ. ಸರಿಯಾಗಿ ಕೂರ್ತಿರ್ಲಿಲ್ಲ. ಸ್ವಲ್ಪ ಗುದ್ದಿದೆ."

ಬಲ್ಬನ್ನು ಹೊರತೆಗೆದ ಮಿಣುಕಣ್ಣ ಅದನ್ನು ಬೆಳಕಿಗೆ ಹಿಡಿದ. ಗಾಜಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣ ಬಳಿದಿತ್ತು. ಅವನು ಹೋಲ್ಡರನ್ನು ನೆಟ್ಟಗೆ ಮಾಡಿ, ಬಲ್ಬನ್ನು ಅಲ್ಲೇ ಕೂರಿಸಿ, ಹೊಸ ಫ್ಯೂಸು ಹಾಕಿದ. ಆಮೇಲೆ ತಾನು ಎಡಗಡೆಗೆ ಬಂದು, "ಅಮ್ಮಾ, ನೀವು ಆ ಕಡೆ ಕೂರಿ" ಎಂದ.

ಆ ಕಾರಿನ ಬಲಗಡೆಯ ಸೀಟಿನಲ್ಲಿ ದೊಡ್ಡಮ್ಮ ಹಿಂದೆಂದೂ ಕೂತವಳಲ್ಲ. ಕೂತಳು. ಸ್ಟೀರಿಂಗ್ ಮುಟ್ಟಲೋ ಬೇಡವೋ ಎಂದು ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಮಿಣುಕಣ್ಣ ಕಾಲಿನಿಂದ ಗಂಟೆಯ ಗುಂಡಿ ಒತ್ತಿದ.

ಅವಳ ಕಣ್ಣೆದುರು ಕಡಲೆಕಾಳಿನಷ್ಟು ಕೆಂಪು ದೀಪ ಹೊತ್ತಿತು.

ಸದ್ದಿಗೇ ಹುಟ್ಟಿದಂತಿದ್ದ ಆ ಬೀದಿಯಲ್ಲಿ ಟೈರಿನವನ ಸುತ್ತಿಗೆ ಕೂಡ ಅವನ ಕೈಯಲ್ಲೇ ನಿಂತಿತ್ತು. ತುಟಿ ಬಿಚ್ಚದ ಹೆಂಡತಿ, ಬಾಯಿ ಬಿಟ್ಟು ಕೇಳಲಾರದ ಗಂಡ. ಇಬ್ಬರ ಹಟದ ನಡುವೆ, ಇಬ್ಬರಿಗೂ ಮುಖಭಂಗವಾಗದ ಹಾಗೆ, ಒಂದು ಬೂದು ತಂತಿ ಅಷ್ಟು ವರ್ಷ ಕಾರ್ಪೆಟ್ಟಿನ ಕೆಳಗೆ ಮಾತು ಹೊತ್ತು ಓಡಾಡಿತ್ತು. ಅವಳಿಗೆ ಭಯವಾದಾಗ ಅವನಿಗೆ ಕೆಂಪು ಕಾಣುತ್ತಿತ್ತು, ಅವನು ಕಾಲು ಸಡಿಲಿಸುತ್ತಿದ್ದ. ಅವಳು ಕಾರನ್ನು ಹೊಗಳುತ್ತಿದ್ದಳು. ಆ ಹೊಗಳಿಕೆಯನ್ನು ಅವನು ಕಾರಿಗೇ ಬಿಟ್ಟುಕೊಟ್ಟಿದ್ದ.

"ಇನ್ನೊಂದ್ಸಲ ಒತ್ತು" ಎಂದಳು ದೊಡ್ಡಮ್ಮ.

ಒತ್ತಿದ.

"ಇನ್ನೊಂದ್ಸಲ."

ಎಷ್ಟು ಸಲ ಒತ್ತಿದನೋ. ಕೊನೆಗೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಕೆಂಪು ದೀಪದ ಮುಖಕ್ಕೇ ಬೈದಳು. "ಕಳ್ಳ! ಮನೆಗೆ ಬಂದೋರೆಲ್ಲ ಬಾಗಿಲು ಬಡಿದು ಬಡಿದು ಕೈ ನೋಯಿಸ್ಕೊಂಡ್ರಲ್ಲೋ. ಎದುರುಮನೆಯೋರ ಹತ್ರ ನಾನೀಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಿಣುಕಣ್ಣ ಬೂದು ತಂತಿಯ ಬಿಳಿ ದಾರವನ್ನು ಬಿಚ್ಚಿ ಜೇಬಿಗಿಟ್ಟುಕೊಂಡ. ಬೇರೆ ಬಣ್ಣ ಯಾವುದು ಕೊಡಲಿ ಎಂದು ಹೊಲಿಗೆಯಕ್ಕ ಕೇಳಿದಳು. ಅವನು ತಲೆಯಾಡಿಸಿದ. ಆ ತಂತಿಗೆ ಅದಾಗಲೇ ಅದರ ಯಜಮಾನ ಕಟ್ಟಿದ ದಾರವಿತ್ತು. ಹೊಲಿಗೆಯಕ್ಕ ಕಾರ್ಪೆಟ್ಟನ್ನು ಮೊದಲಿದ್ದ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿದಳು.

ಕಾರನ್ನು ಮನೆಗೆ ಒಯ್ದವರು ಅಳಿಯಂದಿರು. ಹೊರಡುವ ಮುನ್ನ ಕುಂಡದವನಿಗೆ ಫೋನು ಮಾಡಿ, ಬರಬೇಡಿ ಎಂದರು. ತಲೆ ತೋರಿಸುವ ವಿಚಾರವನ್ನು ಯಾರೂ ಎತ್ತಲಿಲ್ಲ. ದೊಡ್ಡಮ್ಮ ತನ್ನ ಎಡಗಡೆಯ ಸೀಟಿಗೆ ಮರಳಿ, ಸೀರೆ ಸರಿಮಾಡಿಕೊಂಡು, ಪಟ್ಟಕ್ಕೇರಿದವಳ ಹಾಗೆ ಕೂತಿದ್ದಳು. ನಾನು ಹಿಂದಿನಿಂದ ಅಳಿಯಂದಿರ ಭುಜದ ಮೇಲೆ ಇಣುಕುತ್ತಿದ್ದೆ. ತಿರುವಿನಲ್ಲಿ ದೀಪ ಹೊತ್ತಿತು, ಅಳಿಯಂದಿರು ನಿಧಾನ ಮಾಡಿದರು. ಇಳಿಜಾರಿನಲ್ಲಿ ಹೊತ್ತಿತು, ನಿಧಾನ ಮಾಡಿದರು. ಆಮೇಲೆ ಉದ್ದನೆಯ, ನೆಟ್ಟನೆಯ, ನರಪಿಳ್ಳೆ ಇಲ್ಲದ ರಸ್ತೆ ಬಂತು. ಅಲ್ಲೂ ದೀಪ ಹೊತ್ತಿ, ಹೊತ್ತಿಯೇ ಇತ್ತು.

ಅಳಿಯಂದಿರು ಕಾರು ನಿಧಾನ ಮಾಡಿ ಅತ್ತ ಇತ್ತ ನೋಡಿದರು. "ಅತ್ತೆ, ಎದುರಿಗೆ ಏನೂ ಇಲ್ವಲ್ಲ?"

"ಗೊತ್ತು" ಎಂದಳು ದೊಡ್ಡಮ್ಮ, ಕಾಲು ಎತ್ತದೆ. "ನೀವು ಹೋಗ್ತಾ ಇರಿ."